ಧೋಂಡಾ ತಿಂಗಳ ಬರ್ಫು

ಹೇಳುವವನ ಮುಖ ನೋಡಿ ನಂಬಬೇಡಿ, ಭಾಲ್ಕಿಗೆ ಹೋಗಿ ವಿಚಾರಿಸಿ ನಂಬಿ: ಇದು ನಡೆದ ಕಥೆ. ಬರ್ಫಿನ, ಅಂದರೆ ಮಂಜುಗಡ್ಡೆಯ, ಕಥೆಯಾದ್ದರಿಂದ ದಾರಿಯಲ್ಲಿ ಒಂದಿಷ್ಟು ಕರಗಿರಬಹುದು. ಆದರೆ ನಾನಾಗಿ ಬೆರೆಸಿದ್ದು ಏನೂ ಇಲ್ಲ. ಬೆರೆಸುವ ಕೆಲಸವನ್ನೆಲ್ಲ ಕೈಲಾಶನೇ ಮಾಡಿ ಮುಗಿಸಿದ್ದಾನೆ.

ಕೈಲಾಶನ ಹೆಸರಿನಲ್ಲೇ ಹಿಮವಿತ್ತು, ಮುಖದ ಮೇಲೂ ಸ್ವಲ್ಪ ಇತ್ತು. ಬೀದರಿನ ಒಂದು ಖಾಸಗಿ ಪರೀಕ್ಷಾಲಯದಲ್ಲಿ ಕಾಂಕ್ರೀಟಿನ ಕ್ಯೂಬುಗಳನ್ನು ಯಂತ್ರದ ದವಡೆಗೆ ಕೊಟ್ಟು ಒಡೆದು ನೋಡುವುದು ಅವನ ಕೆಲಸ. ದಿನವಿಡೀ ಕಿವಿಯ ಪಕ್ಕದಲ್ಲಿ ಕಲ್ಲು ಸಿಡಿಯುವ ಸದ್ದು, ನಡುನಡುವೆ ಗುತ್ತೇದಾರರ ಫೋನು: "ಸಾಹೇಬ್ರ, ನಮ್ಮ ಕ್ಯೂಬಿನ ಮ್ಯಾಲ ಸ್ವಲ್ಪ ದಯಾ ಇರ್ಲಿರಿ." ದಯೆಯ ಗುಂಡಿ ಆ ಯಂತ್ರಕ್ಕಿರಲಿಲ್ಲ. ಸಂಜೆ ಮನೆಗೆ ಬಂದರೆ ಷರ್ಟಿನಲ್ಲಿ ಸಿಮೆಂಟು, ರೆಪ್ಪೆಯಲ್ಲಿ ಸಿಮೆಂಟು, ಮಾತಿನಲ್ಲೂ ಸಿಮೆಂಟು. "ಹ್ಯಾಂಗಿತ್ರಿ ಇವತ್ತ?" ಎಂದು ಹೆಂಡತಿ ಸಪನಾ ಕೇಳಿದರೆ ಒಂದು ದಿನ "ಒಡೀತು" ಎನ್ನುತ್ತಿದ್ದ, ಇನ್ನೊಂದು ದಿನ "ಒಡೀಲಿಲ್ಲ" ಎನ್ನುತ್ತಿದ್ದ. ಆಮೇಲೆ ಗೋಡೆಗೊರಗಿ ಕಣ್ಣು ಮುಚ್ಚುತ್ತಿದ್ದ. ನಿದ್ದೆಯಲ್ಲ, ಹೈರಾಣ.

ಹಾಗೆ ಒರಗಿದ್ದ ಒಂದು ಮೇ ತಿಂಗಳ ಸಂಜೆ ಭಾಲ್ಕಿಯಿಂದ ಮಾವ ನರಸಿಂಗನ ಫೋನು ಬಂತು.

"ಅಳಿಯಂದ್ರ, ಅಧಿಕ ಮಾಸ ಹತ್ತ್ಯಾದರಿ. ಈ ಐತ್ವಾರ ಬಿಟ್ಟು ಮುಂದಿನ ಐತ್ವಾರ ನೀವು, ಸಪನಾ ಇಬ್ಬರೂ ಧೋಂಡಾಕ ಬರಬೇಕರಿ." ತಗ್ಗಿದ ದನಿಯಲ್ಲಿ ಸೇರಿಸಿದ: "ಏನೂ ಇರಂಗಿಲ್ಲರಿ. ಬರೇ ಊಟ."

ಫೋನಿಟ್ಟ ಮೇಲೂ ಆ 'ಏನೂ ಇರಂಗಿಲ್ಲರಿ' ಮಾತ್ರ ಕೈಲಾಶನ ಕಿವಿಯಲ್ಲೇ ಕೂತಿತು.

ಮೂರು ವರ್ಷಕ್ಕೊಮ್ಮೆ ಬರುವ ಅಧಿಕ ಮಾಸವನ್ನು ಮಹಾರಾಷ್ಟ್ರದ ಗಡಿಗೆ ಅಂಟಿಕೊಂಡ ಈ ಕಡೆಯವರು ಧೋಂಡಾ ತಿಂಗಳೆನ್ನುತ್ತಾರೆ. ಮಗಳನ್ನೂ ಅಳಿಯನನ್ನೂ ಕರೆಯಬೇಕು, ಅಳಿಯನ ಕಾಲು ತೊಳೆಯಬೇಕು, ಹೂರಣ ತುಂಬಿದ ಧೋಂಡಾ ಎಂಬ ಉಂಡೆ ಬಡಿಸಬೇಕು. ಮರಾಠಿಯಲ್ಲಿ ಧೋಂಡಾ ಎಂದರೆ ಕಲ್ಲು. ದಿನಾ ಕಲ್ಲು ಒಡೆಯುವವನಿಗೆ ಹಬ್ಬಕ್ಕೂ ಕಲ್ಲೇ. ಆದರೆ ಹೋದ ಸಲದ ಧೋಂಡಾದಲ್ಲಿ ಹೂರಣವಿರಲಿಲ್ಲ. ಹತ್ತಿ ಇತ್ತು.

ಅದನ್ನು ತುಂಬಿದವನು ನರಸಿಂಗನೇ. ಔರಾದ, ಸಂತಪುರ, ಬೀದರ, ಭಾಲ್ಕಿ ದಾರಿಯಲ್ಲಿ ಕಂಡಕ್ಟರಿಕೆ ಮಾಡಿ ನಿವೃತ್ತನಾದವನು; ಟಿಕೆಟಿಗಿಂತ ಹೆಚ್ಚು ದನಿಗಳನ್ನು ಹರಿದು ಹಂಚಿದವನು. ಡಿಪೋ ಮ್ಯಾನೇಜರನ ಕೆಮ್ಮು, ಏರು ಹತ್ತಲಾರದ ಬಸ್ಸಿನ ಗೋಳು, ಮೊಮ್ಮಗನ ವಯಸ್ಸು ಇಳಿಸಿ ಅರ್ಧ ಟಿಕೆಟು ಕೇಳುವ ಸಂತಪುರದ ಮುದುಕಿ, ಎಲ್ಲರೂ ಅವನ ಗಂಟಲಲ್ಲಿ ಬಾಡಿಗೆಗಿದ್ದರು. ಸಪನಾಳ ಮದುವೆಯಲ್ಲಿ ಬೀಗರ ಶರಬತ್ತಿಗೆ ಬರ್ಫಿನ ದಿಮ್ಮಿ ಬಂದಾಗ, ಡ್ರೈವರ್ ಗೆಳೆಯರು ಟೈರು ಬಡಿದು ನೋಡುವ ಕಬ್ಬಿಣದ ಸಲಾಕೆಯನ್ನು ಎತ್ತಿ ಹಿಡಿದು, "ಹೋಲ್ಡಾನ್!" ಎಂದು ಬಸ್ಸು ನಿಲ್ಲಿಸುವ ಕೂಗು ಹಾಕಿ, ಒಂದೇ ಏಟಿಗೆ ಅದನ್ನು ಪುಡಿ ಮಾಡಿದ್ದ. ಅಲ್ಲೇ ಹೊಸ ಅಳಿಯನ ಸಪ್ಪೆ ದನಿಯನ್ನೂ ಅಣಕಕ್ಕೆ ಹಿಡಿದುಬಿಟ್ಟಿದ್ದ. "ನಮ್ಮ ಅಳಿಯಂದ್ರು ಕಲ್ಲಿಗೂ ಹುಟ್ಟಿದ ತಾರೀಖ ಬರೀತಾರರಿ!" ಎಂದು ಮಂಟಪಕ್ಕೆಲ್ಲ ಸಾರಿದ್ದ. ಕ್ಯೂಬು ಎರೆದ ದಿನ ಅದರ ಮೇಲೆ ತಾರೀಖು ಗೀಚುವುದು ಕೈಲಾಶನ ಕೆಲಸದ ಪದ್ಧತಿ.

ಅದೇ ವರ್ಷ ಧೋಂಡಾದ ಊಟ. ಹೊಸ ಅಳಿಯನಿಗೆ ಒಂದಾದರೂ ಚಾಷ್ಟಿ, ಕುಚೇಷ್ಟೆ ಮಾಡದಿದ್ದರೆ ನರಸಿಂಗನ ಮನೆಯ ಒಲೆ ಉರಿಯುತ್ತಿರಲಿಲ್ಲ. ಕೈಲಾಶ ಕಚ್ಚಿದ. ಹತ್ತಿಯ ಎಳೆ ಹಲ್ಲಿಗೆ ಸಿಕ್ಕಿ ಜೋತಾಡಿತು. ಊಟಕ್ಕೆ ಬಂದಿದ್ದ ಓಣಿಯೆಲ್ಲ ಗೊಳ್ಳೆಂದಿತು. ಆ ವಾರ ಪೂರ್ತಿ ಮೇಲಿನವರಿಂದ ಬೈಸಿಕೊಂಡು ಬಂದಿದ್ದ ಕೈಲಾಶ ಎದ್ದು ನಿಂತ. "ಇದು ಊಟ ಅಲ್ರಿ, ಅಪಮಾನ. ನನಗ ಇಂಥಾವು ನಡಿಯಂಗಿಲ್ಲ" ಎಂದ. ಕೈ ತೊಳೆಯದೆ ಬಸ್ ನಿಲ್ದಾಣಕ್ಕೆ ನಡೆದ. ನರಸಿಂಗ ಚಪ್ಪಲಿ ಮೆಟ್ಟದೆ ಹಿಂದೆ ಓಡಿ ಬಂದು ಕಿಟಕಿಯ ಕೆಳಗೆ ಕೈ ಜೋಡಿಸಿ, "ತಪ್ಪಾತರಿ" ಎಂದ. ಕೈಲಾಶ ಆಚೆ ಕಡೆಯ ಕಿಟಕಿ ನೋಡಿದ. ಬಸ್ಸು ಹೊರಟಿತು. ನಡುದಾರಿಯ ಹಲಬರ್ಗಾ ಬರುವಷ್ಟರಲ್ಲಿ ಸಿಟ್ಟು ಇಳಿದುಹೋಗಿತ್ತು. ಕೈಲಾಶ ಇಳಿಯಲಿಲ್ಲ.

ಅಂದಿನಿಂದ ನರಸಿಂಗ ಅಳಿಯನೆದುರು ಚಾಷ್ಟಿ ಬಿಟ್ಟ, ಆಮೇಲೆ ಎಲ್ಲರೆದುರೂ ಬಿಟ್ಟ. ಒಂದೊಂದು ಮಾತಿಗೂ ಒಂದೊಂದು 'ರಿ' ಅಂಟಿಸಿ ಅಳಿಯನನ್ನು ಸಾಹೇಬನಂತೆ ನಡೆಸಿಕೊಂಡ. ಹೋದಾಗಲೆಲ್ಲ ಆ ಮನೆ ಮುಗಿದ ಸಂತೆಯ ಹಾಗೆ ಸುಮ್ಮನಿರುತ್ತಿತ್ತು. ಕೈಲಾಶನಿಗೆ ಮೈ ದಣಿಯುವುದು ಯಂತ್ರದ ಹತ್ತಿರ, ಜೀವ ದಣಿಯುವುದು ಭಾಲ್ಕಿಯಲ್ಲಿ. ಕ್ಷಮೆ ಕೇಳೋಣವೆಂದರೆ ಬಾಯಿಗೆ ಬಂದ ಮಾತು ಅಲ್ಲೇ ಗಟ್ಟಿಯಾಗಿಬಿಡುತ್ತಿತ್ತು.

ಆ ಸಂಜೆ ಕಣ್ಣು ಮುಚ್ಚಿಕೊಂಡೇ ಹೇಳಿದ: "ನಿಮ್ಮ ಅಪ್ಪಗ ಒಂದ ಚಾಷ್ಟಿ ಮಾಡಬೇಕು."

ಸಪನಾ ಅವನ ಹಣೆ ಮುಟ್ಟಿ ನೋಡಿದಳು. "ಜ್ವರಾ ಏನಿಲ್ಲ. ಯಾರು, ನೀವಾ?"

"ಅವರು ನಗಬೇಕು. ಮೊದಲಿನಂಗ ನಗಬೇಕು. ನನಗ ಮಾತ ಬರಂಗಿಲ್ಲ, ಒಡಿಯೋದು ಬರ್ತದ. ಅವರಿಗಿ ಒಡೀಲಾರದ್ದೊಂದು ಮಾಡಿ ಒಯ್ತೇನಿ."

ನೀರಿಗೆ ಮರದ ಪುಡಿ ಬೆರೆಸಿ ಹೆಪ್ಪುಗಟ್ಟಿಸಿದರೆ ಸುತ್ತಿಗೆಗೂ ಜಗ್ಗದ ಬರ್ಫಾಗುತ್ತದೆಂದು ಅವನು ಮೊಬೈಲಿನಲ್ಲಿ ನೋಡಿದ್ದ. ಕಾಂಕ್ರೀಟಿಗೆ ಕಬ್ಬಿಣದ ಸರಳು ಹಾಕಿದ ಹಾಗೆ ಬರ್ಫಿಗೆ ನಾರು. ಬಿರುಕು ಓಡಿಬಂದರೆ ಎಳೆ ಅಡ್ಡ ಬಿದ್ದು ಹಿಡಿಯುತ್ತದೆ. ಮೊದಲು ಕಬ್ಬಿನ ಹಾಲಿನ ಗಾಡಿಯಿಂದ ಹಿಂಡಿದ ಸಿಪ್ಪೆ ತಂದ. ಪುಕ್ಕಟೆ ಸಿಕ್ಕಿತೆಂದು ತೊಳೆಯಲಿಲ್ಲ. ಸಿಹಿ ಉಳಿದು ಬರ್ಫು ಮೆತ್ತಗಾಯಿತು, ಫ್ರಿಜ್ಜಿನ ಬಾಗಿಲಿಗೆ ಇರುವೆಗಳ ಮೆರವಣಿಗೆ ಹೊರಟಿತು. ಆಮೇಲೆ ತೊಗರಿಯ ಹೊಟ್ಟು. ಅದು ತೇಲಿ ಮೇಲೆ ನಿಂತು, ಕೆಳಗೆ ಬರೀ ನೀರು ಗಟ್ಟಿಯಾಯಿತು.

ಮೂರನೆಯದಕ್ಕೆ ಅಷ್ಟೂರ ರಸ್ತೆಯ ಬಡಿಗ ಗುಲಾಮ ರಸೂಲನ ಅಂಗಡಿಗೆ ಹೋಗಿ ಬುರಾದಾ ಕೇಳಿದ. ಅಲ್ಲಿ ಮರದ ಪುಡಿಗೆ ಅದೇ ಹೆಸರು.

"ಬುರಾದಾ ಯಾಕ ಸಾಬ್? ಕೋಳಿ ಸಾಕೀರೇನು?"

"ಇಲ್ಲ. ಬರ್ಫ್ ಮಾಡ್ತೇನಿ."

ಗುಲಾಮ ರಸೂಲ ಕಟ್ಟಿಗೆ ಹೆರೆಯುವ ರಂಧ ಕೆಳಗಿಟ್ಟ. "ಯಾ ಅಲ್ಲಾ! ಧೂಪ್ ಭಾಳ ಆಗ್ಯಾದ ಸಾಬ್, ಟೊಪಗಿ ಹಾಕ್ಕೊಂಡು ತಿರಗ್ರಿ" ಎಂದು ಚೀಲ ತುಂಬಿಕೊಟ್ಟ.

ಬುರಾದಾ ರಾತ್ರಿಯಿಡೀ ನೆನೆಯಿತು. ಪ್ಲಾಸ್ಟಿಕ್ ಪೈಪನ್ನು ಉದ್ದಕ್ಕೆ ಸೀಳಿ, ತುದಿಗಳನ್ನು ಸಪನಾ ನಾದಿಟ್ಟ ಕಣಕದಿಂದ ಮುಚ್ಚಿ ಎರಡು ಅಚ್ಚು ಮಾಡಿದ. ಒಂದಕ್ಕೆ ಬರೀ ನೀರು, ಇನ್ನೊಂದಕ್ಕೆ ಬುರಾದಾದ ಗಂಜಿ. ಹಾಲಿಗೆ ಫ್ರಿಜ್ಜಿನಲ್ಲಿ ಜಾಗ ಹೋಯಿತು, ಮೊಸರಿಗೆ ಸಾಗುವಾನಿಯ ವಾಸನೆ ಬಂತು.

"ನಿನ್ನಿ ಚಹಾದಾಗ ಕಟಗಿ, ಇವತ್ತ ಮಜ್ಜಿಗಿಯಾಗ ಕಟಗಿ. ನಾಳಿ ನಾನೂ ಬಾಗಲಾ ಆಗ್ತೇನಿ ನೋಡ್ರಿ" ಎಂದು ಸಪನಾ ಗೊಣಗಿದಳು. ಆದರೆ ಕೆಲಸದಿಂದ ಬಂದವನು ಗೋಡೆಗೊರಗದೆ ನೆಟ್ಟಗೆ ಫ್ರಿಜ್ಜಿಗೆ ಹೋಗುತ್ತಿದ್ದುದನ್ನು ಅವಳು ಗಮನಿಸದೆ ಇರಲಿಲ್ಲ.

ಪರೀಕ್ಷೆ ಮಾಳಿಗೆಯ ಮೇಲೆ ನಡೆಯಿತು. ಎರಡು ಇಟ್ಟಿಗೆಯ ಮೇಲೆ ಅಡ್ಡಡ್ಡ ಬರ್ಫು, ನಡುವೆ ಹಗ್ಗದಲ್ಲಿ ಖಾಲಿ ಕೊಡ. ಸಪನಾ ಚರಿಗೆಯಿಂದ ನೀರು ಸುರಿದಳು. ಸಾದಾ ಬರ್ಫು ಕೊಡ ಅರ್ಧ ತುಂಬುವ ಮೊದಲೇ ಪಟಕ್ಕನೆ ಮುರಿಯಿತು. ಬುರಾದಾದ್ದು ಕೊಡ ತುಂಬಿದರೂ ಅಲುಗಲಿಲ್ಲ. ಮೇಲೊಂದು ರುಬ್ಬುಗುಂಡು ಇಳಿಬಿಟ್ಟರು, ಅಲುಗಲಿಲ್ಲ. ಸುತ್ತಿಗೆಯಿಂದ ಬಡಿದರೆ ಕಟ್ಟಿಗೆಗೆ ಬಡಿದ ಸದ್ದು ಬಂದು ಸಣ್ಣ ತಗ್ಗು ಬಿತ್ತು, ಅಷ್ಟೇ. ಮುರಿದ ಸಾದಾ ಬರ್ಫು ಆ ಬಿಸಿಲಿಗೆ ಆಗಲೇ ನೀರಾಗಿತ್ತು, ಇದಿನ್ನೂ ಇಟ್ಟಿಗೆಯ ಮೇಲೆ ಠಾಕುಠೀಕಾಗಿ ಮಲಗಿತ್ತು.

"ಪಾಸ್" ಎಂದ ಕೈಲಾಶ. ಅವನ ಬಾಯಲ್ಲಿ ಆ ಪದ ಅಪರೂಪ.

"ಪಾಸೇನ್ರಿ, ನೋಡಿದ್ರ ಬೆಲ್ಲದ ಅಚ್ಚು ಇದ್ದಂಗ ಅದ. ಅಪ್ಪ ದೂರಿಂದನೇ ಹಿಡೀತಾರ. ಬಿಳೀದ ಬೇಕು." ಸಪನಾ ಕೆಳಗೆ ಹೋಗಿ ದೇವರ ಜಗಲಿಯ ಬುಟ್ಟಿಯಿಂದ ದೀಪದ ಬತ್ತಿಗೆಂದು ಇಟ್ಟಿದ್ದ ಹತ್ತಿ ತಂದಳು. ಕೊಡುವಾಗ ಅವಳ ಕೈ ತಡೆಯಿತು. ಇಬ್ಬರೂ ಅದನ್ನೇ ನೋಡಿದರು. ಇಬ್ಬರಿಗೂ ಒಂದೇ ಊಟ ನೆನಪಾಯಿತು.

"ಇದೇ ಬೇಕು" ಎಂದ ಕೈಲಾಶ.

ಪರೀಕ್ಷಾಲಯದಲ್ಲಿ ಮೂಲೆಗೆ ಬಿದ್ದಿದ್ದ ಕಬ್ಬಿಣದ ಅಚ್ಚು ಮನೆಗೆ ಬಂತು. ಹತ್ತಿಯನ್ನು ತೆಳ್ಳಗೆ ಬಿಡಿಸಿ, ಒದ್ದೆ ಮಾಡಿ, ಪದರಪದರವಾಗಿ ಹಾಸಿ, ಕ್ಯೂಬಿಗೆ ಮಾಡುವ ಹಾಗೆಯೇ ಕಂಬಿಯಿಂದ ಜಡಿದ. ಅಚ್ಚಿಗೆ ಎಣ್ಣೆ ಸವರುವುದನ್ನು ಮರೆಯಲಿಲ್ಲ. ಕೈ ತನ್ನಷ್ಟಕ್ಕೆ ತಾನು ದಿನದ ಕೆಲಸ ಮಾಡುತ್ತಿತ್ತು. ಅರೆಗಟ್ಟಿಯಾದಾಗ ಮೊಳೆಯಿಂದ ಮೇಲೇನೋ ಗೀಚಿತು, ಕೊನೆಗೆ ಕಾಂಕ್ರೀಟು ಒಣಗದಿರಲೆಂದು ಹಾಕುವ ಒದ್ದೆ ಗೋಣಿತಟ್ಟನ್ನೂ ಹೊದಿಸಿತು.

"ಬರ್ಫಿಗೂ ಕ್ಯೂರಿಂಗ್ ಮಾಡ್ತೀರೇನ್ರಿ?" ಎಂದು ಸಪನಾ ಹೊಟ್ಟೆ ಹಿಡಿದು ನಕ್ಕಳು. ಕೈಲಾಶ ತಟ್ಟು ಕಿತ್ತು ಹಾಕಿದ. ಗೀಚಿದ್ದನ್ನು ಇಬ್ಬರೂ ನೋಡಲಿಲ್ಲ.

ಭಾನುವಾರ ಬೆಳಗಿನ ಜಾವಕ್ಕೇ ಔರಾದದಲ್ಲಿ ಛಾವಣಿ ಹಾಕುವವರಿದ್ದರು. ಕೈಲಾಶ ಹೋಗಿ ಪರೀಕ್ಷೆಯ ಕ್ಯೂಬು ತುಂಬಿ, ಸಂತಪುರದ ಮೇಲೆ ಬರುವ ಬಸ್ಸಿನಲ್ಲಿ ನಿಂತೇ ಬೀದರಿಗೆ ಬಂದ. ನಿಲ್ದಾಣದಲ್ಲಿ ಸಪನಾ ಥರ್ಮೋಕೋಲ್ ಡಬ್ಬಿಯನ್ನು ತಟ್ಟಿನಲ್ಲಿ ಸುತ್ತಿ, ಮಗುವಿನಂತೆ ಅಪ್ಪಿಕೊಂಡು ನಿಂತಿದ್ದಳು. ಭಾಲ್ಕಿ ಬಸ್ಸಿನ ಕಂಡಕ್ಟರು ಗುರುತು ಹಿಡಿದ.

"ನೀವು ನರಸಿಂಗ ಕಾಕಾನ ಅಳಿಯಂದ್ರಲ್ಲೇನ್ರಿ? ಕಾಕಾಗ ಏನಾಗ್ಯಾದರಿ? ಡಿಪೋಕ ಬಂದ್ರೂ ಮೂಕರಂಗ ಕೂಡ್ತಾರ. ಮೊದಲ ಅವರ ದನಿ ಕೇಳಿ ಮ್ಯಾನೇಜರ್ ಬಂದ್ರಂತ ನಾವೆಲ್ಲ ಓಡ್ತಿದ್ದಿವಿ."

ಕೈಲಾಶ ಟಿಕೆಟು ಮಡಚಿ ಮಡಚಿ ಉಗುರಿನಷ್ಟು ಸಣ್ಣದು ಮಾಡಿದ. ಕಾಲು ಸೋತಿತ್ತು, ಕಣ್ಣು ಎಳೆಯುತ್ತಿತ್ತು. ಹೋಗಿ ಸುಮ್ಮನೆ ಉಂಡು ಮಲಗಿಬಿಡೋಣ, ಬರ್ಫು ಡಬ್ಬಿಯಲ್ಲೇ ಕರಗಲಿ ಎಂದು ಒಮ್ಮೆ ಅನಿಸಿತು. ಸಪನಾ ಅವನ ಮುಖ ನೋಡಿ, "ಇದು ಅಷ್ಟ್ ಜಲ್ದಿ ಕರಗಂಗಿಲ್ಲರಿ, ನೀವೇ ಮಾಡೀರಿ" ಎಂದಳು.

ಮನೆಯಲ್ಲಿ ಅತ್ತೆ ಭಾಗೀರಥಿಬಾಯಿ, ಪಕ್ಕದ ಮನೆಯ ಖುರ್ಷಿದ ಬೇಗಂ, ಓಣಿಯ ನಾಲ್ಕಾರು ಜನ ಇದ್ದರು. ನರಸಿಂಗ ತಾಮ್ರದ ತಟ್ಟೆಯಲ್ಲಿ ಅಳಿಯನ ಕಾಲು ತೊಳೆದ. "ನೀರು ಬಿಸಿ ಅದೇನ್ರಿ? ಸಾಕೇನ್ರಿ?" ಎಂಬ ಮಾತಿನಾಚೆ ಬಾಯಿ ಬಿಡಲಿಲ್ಲ. ಬಾಳೆಲೆಯ ಮುಂದೆ ಕೂತಾಗ ಅವನೇ ಧೋಂಡಾ ಬಡಿಸಲು ಬಂದ. ಒಂದೊಂದನ್ನೂ ಎಲೆಗೆ ಹಾಕುವ ಮೊದಲು ಅಳಿಯನ ಕಣ್ಣೆದುರು ಎರಡು ಹೋಳು ಮಾಡಿ ತೋರಿಸಿದ.

"ನೋಡ್ಕೋರಿ ಅಳಿಯಂದ್ರ. ಹೂರಣ ಅದ. ಬರೇ ಹೂರಣ."

ಖುರ್ಷಿದ ಬೇಗಂ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಭಾಗೀರಥಿಬಾಯಿ ಒಳಗಿನಿಂದ, "ಸೀಕರಣಿಗಿ ಬರ್ಫ್ ತರಬೇಕಿತ್ತು, ಮಾವಿನಹಣ್ಣು ಬೆಚ್ಚಗ ಅವ" ಎಂದಳು.

"ನಾ ತಂದೀನ್ರಿ" ಎಂದ ಕೈಲಾಶ. ದನಿ ಎಲ್ಲಿಂದಲೋ ಬಂತು. "ಮಾವಾರ, ನೀವೇ ಒಡೀಬೇಕು. ಮದಿವ್ಯಾಗ ಒಡದಂಗ."

"ನಾ ಯಾಕರಿ? ಬ್ಯಾಡರಿ. ವಯಸ್ಸಾತು."

"ಒಡೀರಿ ಭಾಯಿಸಾಬ್" ಎಂದಳು ಖುರ್ಷಿದ ಬೇಗಂ. "ಅಳಿಯ ಬಾಯಿ ಬಿಟ್ಟು ಒಂದ್ ಕೇಳ್ಯಾನ. ಇನ್ನ ಮೂರು ವರ್ಷ ತಡದ್ರ ಮತ್ತೊಂದ್ ಕೇಳ್ತಾನ."

ಅಟ್ಟದಿಂದ ಸಲಾಕೆ ಇಳಿಯಿತು. ತಟ್ಟಿನ ಮೇಲೆ ಬರ್ಫು ಕೂತಿತು, ಬೆಳ್ಳಗೆ, ಮಬ್ಬಾಗಿ, ಮನೆಯ ಫ್ರಿಜ್ಜಿನ ಬರ್ಫು ಕಾಣುವ ಹಾಗೆಯೇ. ನರಸಿಂಗ ಸಲಾಕೆ ಎತ್ತಿದ. "ಹೋಲ್ಡಾನ್" ಎನ್ನಲಿಲ್ಲ. ಹೊಡೆದ. ಸಲಾಕೆ ಪುಟಿದು ಹಿಂದೆ ಬಂತು. ಮತ್ತೆ ಹೊಡೆದ, ಮತ್ತೆ ಪುಟಿಯಿತು. ಸಪನಾ ನಗು ತಡೆಯಲು ಬೇರೆ ಕಡೆ ತಿರುಗಿದಳು. ಮೂರನೆಯ ಏಟಿಗೆ ನರಸಿಂಗನ ಟೊಪ್ಪಿಗೆ ಕೆಳಗೆ ಬಿತ್ತು. ಬರ್ಫು ಒಂದು ಮೂಲೆಯಲ್ಲಿ ಚೂರು ಚಕ್ಕೆ ಎದ್ದಿದ್ದು ಬಿಟ್ಟರೆ ಹಾಗೇ ಇತ್ತು.

ಯಾರೂ ನಗಲಿಲ್ಲ. ನರಸಿಂಗ ತನ್ನ ಬಲಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡ, ಯಾರದೋ ಕೈ ಎಂಬಂತೆ. ಸಲಾಕೆಯನ್ನು ಮೆಲ್ಲಗೆ ನೆಲಕ್ಕಿಟ್ಟು ಕೂತುಬಿಟ್ಟ.

"ಇದೂ ಹೋಯ್ತು ನೋಡ್ರಿ. ಕೈಯಾಗ ದಮ್ ಉಳಿದಿಲ್ಲ. ನೀವೇ ಒಡೀರಿ ಅಳಿಯಂದ್ರ."

ಕೈಲಾಶನ ಬೆನ್ನಿನಲ್ಲಿ ಆ ಬರ್ಫೇ ಇಳಿದ ಹಾಗಾಯಿತು. ಬಾಳೆಲೆಗಳು, ಓಣಿಯ ಜನ, ನಡುವೆ ಮುಖ ಕಳೆದುಕೊಂಡ ಒಬ್ಬ ಮನುಷ್ಯ. ಮೂರು ವರ್ಷದ ಹಿಂದಿನ ಪಂಕ್ತಿ ಹಾಗೆಯೇ ಇತ್ತು, ಕೂತವರು ಮಾತ್ರ ಜಾಗ ಬದಲಿಸಿದ್ದರು. ನಗಿಸಲು ಬಂದವನು ಮುದುಕನ ಕೊನೆಯ ಸೊಕ್ಕನ್ನೂ ಒಡೆದನಲ್ಲ! ಎಂಜಲು ಕೈಯಲ್ಲೇ ಎದ್ದು ಬಂದು ಮಾವನ ಪಕ್ಕ ನೆಲದ ಮೇಲೆ ಕೂತ.

"ಮಾವಾರ, ಕೈ ಸರಿ ಅದ. ಇದು... ಇದು ಸಾದಾ..." ಬೇರೆ ದಾರಿ ಕಾಣದೆ ಬರ್ಫನ್ನೇ ಎರಡೂ ಕೈಯಿಂದ ಎತ್ತಿ, ಬುಡ ಮೇಲೆ ಮಾಡಿ, ಮಾವನ ಮುಂದಿಟ್ಟ.

ನರಸಿಂಗ ಬಗ್ಗಿದ. ಬರ್ಫಿನ ಮೈಮೇಲೆ ಮೊಳೆಯಿಂದ ಗೀಚಿದ ಹೆಸರಿನ ಮೊದಲಕ್ಷರ: 'ಕೈ', ಅದರ ಕೆಳಗೆ ಹೋದ ಸೋಮವಾರದ ತಾರೀಖು.

ಅವನು ಅಳಿಯನ ಮುಖ ನೋಡಿದ. ಬರ್ಫು ನೋಡಿದ. ಚಕ್ಕೆ ಎದ್ದ ಮೂಲೆಯಲ್ಲಿ ಏನೋ ಬೆಳ್ಳಗೆ ಕೆದರಿಕೊಂಡಿತ್ತು. ಉಗುರಿನಲ್ಲಿ ಹಿಡಿದು ಎಳೆದ. ಒಂದು ಎಳೆ ಬಂತು. ಇನ್ನೂ ಎಳೆದ, ಇನ್ನೂ ಬಂತು. ಬೆರಳುಗಳ ನಡುವೆ ಹೊಸೆದು, ಮೂಗಿನ ಹತ್ತಿರ ಒಯ್ದು, ನಾಲಿಗೆಗೂ ಮುಟ್ಟಿಸಿ ನೋಡಿದ.

"ಹತ್ತಿ" ಎಂದ.

ಕೈಲಾಶ ತಲೆಯಾಡಿಸಿದ. ಕಣ್ಣು ತುಂಬಿತ್ತೋ ಬೆವರಿತ್ತೋ ಅವನಿಗೇ ತಿಳಿಯಲಿಲ್ಲ.

ನರಸಿಂಗ ಎದ್ದು ನಿಂತ. ಮುಖದ ಮೇಲಿನ ಸುಕ್ಕುಗಳೆಲ್ಲ ಸಪಾಟಾದವು. ಭುಜ ಇಳಿಬಿದ್ದವು, ಕಣ್ಣಿಗೆ ಸಿಮೆಂಟು ಮೆತ್ತಿದ ದಣಿವು ಬಂತು. ಆ ಹತ್ತಿಯ ಎಳೆಯನ್ನು ಹಲ್ಲಿಗೆ ಸಿಕ್ಕಿಸಿ ಜೋತುಬಿಟ್ಟು, ಕೈಲಾಶನದೇ ಸಪ್ಪೆ ದನಿಯಲ್ಲಿ, ಒಂದಕ್ಷರ ಹೆಚ್ಚಿಲ್ಲ ಕಡಿಮೆಯಿಲ್ಲ, ಹೇಳಿದ:

"ಇದು ಊಟ ಅಲ್ರಿ, ಅಪಮಾನ. ನನಗ ಇಂಥಾವು ನಡಿಯಂಗಿಲ್ಲ."

ಭಾಗೀರಥಿಬಾಯಿ ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದಳು. ಮೂರು ವರ್ಷದಿಂದ ಆ ಮನೆಯಲ್ಲಿ ನರಸಿಂಗನ ಬಾಯಿಂದ ಇನ್ನೊಬ್ಬರ ದನಿ ಕೇಳಿರಲಿಲ್ಲ.

ನರಸಿಂಗ ಬರ್ಫಿನ ಕಡೆ ತಿರುಗಿ, ಅದೇ ದನಿಯಲ್ಲಿ ತೀರ್ಪು ಕೊಟ್ಟ: "ಬರ್ಫ್ ಪಾಸ್. ಮಾವ ಫೇಲ್."

ಮೊದಲು ಸೋತವನು ಕೈಲಾಶ. ಮೂಗಿನಿಂದ ಏನೋ ಒಂದು ಸದ್ದು ಹೊರಟಿತು, ಅದು ನಗು ಎಂದು ಗುರುತಿಸಲು ಸಪನಾಳಿಗೇ ಹೊತ್ತು ಹಿಡಿಯಿತು. ಖುರ್ಷಿದ ಬೇಗಂ, "ಹಾಯ್ ಅಲ್ಲಾ, ಅಳಿಯಗ ಹಲ್ಲು ಅವ!" ಎಂದು ಕೂಗಿದ್ದೇ ತಡ, ಓಣಿಯೆಲ್ಲ ಬಾಳೆಲೆಯ ಮೇಲೆ ಬಗ್ಗಿ ನಕ್ಕಿತು.

ನರಸಿಂಗ ಸಲಾಕೆ ಎತ್ತಿ, "ಹೋಲ್ಡಾ—ನ್!" ಎಂದು ಹಳೆಯ ಗಂಟಲಲ್ಲಿ ಕೂಗಿ ನಾಲ್ಕನೆಯ ಏಟು ಹಾಕಿದ. ಬರ್ಫು ಪುಟಿಸಿತು. "ಅಬ್ಬಬ್ಬಾ, ಮಗನ, ಏನ್ ಕಲ್ಲ ಮಾಡಿ ತಂದೀಯೋ!" ಎಂದ. ಮೂರು ವರ್ಷದಲ್ಲಿ ಮೊದಲ ಸಲ ಆ ಮಾತಿನಲ್ಲಿ ಒಂದೂ 'ರಿ' ಇರಲಿಲ್ಲ. ಗೋಡೆ ಹಿಡಿದು ಕುಸಿದು ಕೂತ, ಟೊಪ್ಪಿಗೆಯಿಂದ ಕಣ್ಣೊರೆಸಿಕೊಂಡ. ಒರೆಸಿಕೊಂಡಷ್ಟೂ ಆ ಬಿಳಿ ದಿಮ್ಮಿ ಕಣ್ಣಿಗೆ ಬೀಳುತ್ತಿತ್ತು, ಮತ್ತೆ ನಗುತ್ತಿದ್ದ. ಸೀಕರಣಿ ಬೆಚ್ಚಗೇ ಉಳಿಯಿತು. ಉಂಡು ಕೈ ತೊಳೆದವರ ನಗು ಒಂದೊಂದಾಗಿ ನಿಂತ ಮೇಲೂ ನರಸಿಂಗನದು ಮಾತ್ರ ಬಾಗಿಲು ದಾಟಿ, ಓಣಿ ದಾಟಿ ಕೇಳುತ್ತಲೇ ಇತ್ತು.